ಹೊಲ ಅಡವಿಡುವ ಮುನ್ನ ಕಣ್ಣು ಪರೀಕ್ಷೆ: ಪೈಲಟ್ ಕೆಡೆಟ್ ಆಯ್ಕೆಗೆ ಸಿದ್ಧತೆ ಹೇಗೆ?

1951ರ ಡಿಸೆಂಬರ್ 25ರ ಕ್ರಿಸ್ಮಸ್ ದಿನ ಪ್ರಧಾನಿ ಜವಾಹರಲಾಲ್ ನೆಹರೂ ಅವರನ್ನು ಹೊತ್ತ ಡಕೋಟ ವಿಮಾನ ಬಜ್ಪೆಯಲ್ಲಿ ಇಳಿಯಿತು. ಅಲ್ಲಿಂದೀಚೆಗೆ ನಮ್ಮ ಕರಾವಳಿಯ ಎಷ್ಟೋ ಮನೆಗಳವರು ದುಡಿಮೆಗಾಗಿ ಮುಂಬೈಗೂ ಗಲ್ಫ್ ನಾಡುಗಳಿಗೂ ವಿಮಾನ ಹತ್ತಿದ್ದಾರೆ. ಆದರೆ ವಿಮಾನ ನಡೆಸುವವರ ಆಸನದಲ್ಲಿ ಕೂರಬೇಕಾದರೆ ಏನು ಮಾಡಬೇಕು ಎಂಬುದು ಇಂದಿಗೂ ಹೆಚ್ಚಿನವರಿಗೆ ತಿಳಿದಿಲ್ಲ. ಪಿಯುಸಿ ಫಲಿತಾಂಶ ಬರುವ ದಿನಗಳಲ್ಲಿ ಯುವಜನರು ಮತ್ತು ತಂದೆತಾಯಂದಿರು ನಮ್ಮಲ್ಲಿ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಅದಕ್ಕೆ ಒಂದೇ ಕಡೆ ಉತ್ತರ ಸಿಗಲಿ ಎಂಬ ಉದ್ದೇಶದಿಂದ ಈ ಮಾಹಿತಿಯನ್ನು ಕೊಡುತ್ತಿದ್ದೇವೆ.

ಉದಾಹರಣೆಗೆ ಘಟ್ಟದ ಮೇಲಿನ ಒಂದು ಊರನ್ನು ತೆಗೆದುಕೊಳ್ಳೋಣ. ಮೈಸೂರು ಜಿಲ್ಲೆಯ ನಂಜನಗೂಡು–ತಿರುಮಕೂಡಲು ನರಸೀಪುರ ಸೀಮೆಯ ಹೆಡತಲೆ, ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಾಲಯ ಇರುವ ಹಳ್ಳಿ. ಅಲ್ಲಿಂದ ನಂಜನಗೂಡಿಗೆ ಬಂದು ಮೈಸೂರಿನ ಹೆದ್ದಾರಿ ಹಿಡಿದರೆ, ಮೈಸೂರು ನಗರ ಸೇರುವ ಮೊದಲೇ ಮಂಡಕಳ್ಳಿಯ ವಿಮಾನ ನಿಲ್ದಾಣ ಸಿಗುತ್ತದೆ. ನವೀಕರಣಗೊಂಡ ಈ ನಿಲ್ದಾಣ 2010ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಹಾರಾಟ ತರಬೇತಿ ಶಾಲೆಯೂ ಅಲ್ಲಿದೆ. ಅಂದರೆ ಹೆಡತಲೆಯ ವಿದ್ಯಾರ್ಥಿಗೆ ವಿಮಾನ ದೂರವಿಲ್ಲ. ದೂರವಿರುವುದು ಸರಿಯಾದ ಮಾಹಿತಿ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಗೊತ್ತಿಲ್ಲದೆ ಹೊಲ ಅಡವಿಟ್ಟು ಹಣ ಕಟ್ಟಿದ ಮೇಲೆ ವೈದ್ಯಕೀಯ ಪರೀಕ್ಷೆಯಲ್ಲಿ ಅನರ್ಹ ಎಂದು ತಿಳಿದರೆ ಮನೆಯವರೆಲ್ಲ ಅದರ ಭಾರ ಹೊರಬೇಕಾಗುತ್ತದೆ. ಹಳ್ಳಿಯಾಗಲಿ ಪೇಟೆಯಾಗಲಿ, ಕರಾವಳಿಯಾಗಲಿ ಮೈಸೂರು ಸೀಮೆಯಾಗಲಿ, ಈ ಮಾತು ಎಲ್ಲರಿಗೂ ಅನ್ವಯಿಸುತ್ತದೆ.

ಕೆಡೆಟ್ ಯೋಜನೆ ಎಂದರೇನು?

ನಮ್ಮ ದೇಶದಲ್ಲಿ ವಿಮಾನ ಚಾಲಕರ ಪರವಾನಗಿ ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಸಂಬಳಕ್ಕೆ ವಿಮಾನ ನಡೆಸಬೇಕಾದರೆ ಸಿಪಿಎಲ್ ಎಂಬ ವಾಣಿಜ್ಯ ಚಾಲಕ ಪರವಾನಗಿ ಬೇಕು. ಇದಕ್ಕೆ ಕನಿಷ್ಠ 18 ವರ್ಷ ವಯಸ್ಸು ಮತ್ತು 200 ಗಂಟೆಗಳ ಹಾರಾಟದ ಅನುಭವ ಅಗತ್ಯ. ಇದರಲ್ಲಿ 100 ಗಂಟೆ ವಿಮಾನದ ಹೊಣೆ ಪೂರ್ತಿ ತನ್ನದೇ ಆಗಿರುವಂತೆ ಹಾರಬೇಕು. ಕನಿಷ್ಠ 300 ನಾಟಿಕಲ್ ಮೈಲು, ಅಂದರೆ ಸುಮಾರು 556 ಕಿಲೋಮೀಟರ್ ದೂರದ ಒಂದು ಪಯಣವೂ, ರಾತ್ರಿ ಹಾರಾಟವೂ ಸೇರಿರಬೇಕು.

ಸಿಪಿಎಲ್ ಪಡೆಯಲು ಎರಡು ದಾರಿಗಳಿವೆ. ಒಂದು, ಸ್ವಂತವಾಗಿ ಹಾರಾಟ ಶಾಲೆ ಸೇರಿ ಪರವಾನಗಿ ಪಡೆದು, ಆಮೇಲೆ ವಿಮಾನ ಸಂಸ್ಥೆಗಳು ಕರೆದಾಗ ಅರ್ಜಿ ಹಾಕುವುದು. ಇನ್ನೊಂದು, ಇಂಡಿಗೋ ಮತ್ತು ಏರ್ ಇಂಡಿಯಾದಂಥ ಸಂಸ್ಥೆಗಳ ಕೆಡೆಟ್ ಯೋಜನೆ. ಇಲ್ಲಿ ಆಯ್ಕೆ ಮೊದಲು, ತರಬೇತಿ ಆಮೇಲೆ. ಸಂಸ್ಥೆ ಗೊತ್ತುಪಡಿಸಿದ ಶಾಲೆಯಲ್ಲಿ ತರಬೇತಿ ಪಡೆದು, ಅದರ ನಂತರ ಏರ್‌ಬಸ್ ಎ320ರಂಥ ನಿರ್ದಿಷ್ಟ ಮಾದರಿಯ ವಿಮಾನ ನಡೆಸಲು ಬೇಕಾದ ಟೈಪ್ ರೇಟಿಂಗ್ ಮುಗಿಸಿದರೆ ಆ ಸಂಸ್ಥೆಯಲ್ಲೇ ಫಸ್ಟ್ ಆಫೀಸರ್ ಆಗುವ ಅವಕಾಶವಿದೆ.

ಇಲ್ಲಿ ಎರಡು ಮಾತು ನೆನಪಿಡಬೇಕು. ಕೆಡೆಟ್ ಯೋಜನೆ ಎಂದರೆ ಉಚಿತ ತರಬೇತಿಯಲ್ಲ. ಸಾಮಾನ್ಯವಾಗಿ ಖರ್ಚು ಅಭ್ಯರ್ಥಿಯದೇ. ಎಲ್ಲ ಹಂತಗಳೂ ಸೇರಿದರೆ ಅದು ಕೋಟಿ ರೂಪಾಯಿಯ ಆಸುಪಾಸಿಗೆ ಹೋಗಬಹುದು. ಎರಡನೆಯದಾಗಿ, ಆರಂಭದಲ್ಲಿ ಸಿಗುವ ಪತ್ರ ಷರತ್ತಿನ ಪತ್ರ. ಪ್ರತಿ ಹಂತದಲ್ಲೂ ತೇರ್ಗಡೆಯಾದರೆ ಮತ್ತು ಆ ಹೊತ್ತಿಗೆ ಸಂಸ್ಥೆಯಲ್ಲಿ ಹುದ್ದೆ ಇದ್ದರೆ ಮಾತ್ರ ಕೆಲಸ.

ಮೊದಲು ವೈದ್ಯಕೀಯ, ಆಮೇಲೆ ಹಣ

ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಅದು ಇದು: ಯಾವ ಶಾಲೆಗೂ ಯಾವ ಮಧ್ಯವರ್ತಿಗೂ ಒಂದು ರೂಪಾಯಿ ಕೊಡುವ ಮೊದಲು ವೈದ್ಯಕೀಯ ಪರೀಕ್ಷೆ ಮುಗಿಸಿಕೊಳ್ಳಿ.

ಪರೀಕ್ಷೆ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲನೆಯದು ಕ್ಲಾಸ್ 2. ಇದನ್ನು ಡಿಜಿಸಿಎ ಪಟ್ಟಿಯಲ್ಲಿರುವ ವೈದ್ಯರೇ ಮಾಡಬೇಕು. ಊರಿನ ವೈದ್ಯರ ಪ್ರಮಾಣಪತ್ರ ನಡೆಯುವುದಿಲ್ಲ. ಆಮೇಲೆ ಕ್ಲಾಸ್ 1. ಸಿಪಿಎಲ್‌ಗೆ ಇದೇ ಬೇಕು. ಇದನ್ನು ಮಾಡುವ ಕೇಂದ್ರಗಳಲ್ಲಿ ಬೆಂಗಳೂರಿನಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಪ್ರಮುಖವಾದುದು. ಕಣ್ಣು, ಬಣ್ಣ ಗುರುತಿಸುವ ಶಕ್ತಿ, ಕಿವಿ, ಇಸಿಜಿ, ರಕ್ತ, ಮೂತ್ರ, ಎಕ್ಸ್‌ರೇ, ತೂಕ, ಹಿಂದಿನ ಕಾಯಿಲೆ ಮತ್ತು ಶಸ್ತ್ರಚಿಕಿತ್ಸೆಗಳು, ಹೀಗೆ ಎಲ್ಲವನ್ನೂ ನೋಡುತ್ತಾರೆ.

ಕನ್ನಡಕ ಇದ್ದ ಮಾತ್ರಕ್ಕೆ ಪೈಲಟ್ ಆಗುವಂತಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಇದು ತಪ್ಪು. ಕನ್ನಡಕ ಹಾಕಿದಾಗ ದೃಷ್ಟಿ ನಿಗದಿತ ಮಟ್ಟಕ್ಕೆ ಬರುವಂತಿದ್ದರೆ, ಪವರ್ ಮಿತಿಯೊಳಗಿದ್ದರೆ ತೊಂದರೆಯಿಲ್ಲ. ಆದರೆ ಬಣ್ಣಗುರುಡು ಬೇರೆ ವಿಷಯ. ಅದಕ್ಕೆ ಕನ್ನಡಕವೂ ಇಲ್ಲ, ಔಷಧಿಯೂ ಇಲ್ಲ. ಹುಟ್ಟಿನಿಂದ ಬರುವ ಈ ತೊಂದರೆ ಗಂಡುಮಕ್ಕಳಲ್ಲಿ ಹೆಚ್ಚು. ಎಷ್ಟೋ ಮಂದಿಗೆ ತಮಗೆ ಅದು ಇದೆ ಎಂಬುದೇ ಗೊತ್ತಿರುವುದಿಲ್ಲ. ಬಣ್ಣದ ಚುಕ್ಕೆಗಳ ನಡುವೆ ಅಂಕಿ ಗುರುತಿಸುವ ಇಶಿಹಾರಾ ಪರೀಕ್ಷೆಯನ್ನು ಹತ್ತಿರದ ಕಣ್ಣಿನ ಆಸ್ಪತ್ರೆಯಲ್ಲಿ ಕೆಲವೇ ನಿಮಿಷಗಳಲ್ಲಿ ಮಾಡುತ್ತಾರೆ. ಹತ್ತನೇ ತರಗತಿಯಲ್ಲೇ ಮಾಡಿಸಿಕೊಂಡರೆ ಮುಂದಿನ ದಾರಿ ನಿಚ್ಚಳವಾಗುತ್ತದೆ.

ಕಾಯಿಲೆ ಮುಚ್ಚಿಡುವುದು ಬೇಡ. ಬಾಲ್ಯದಲ್ಲಿ ಬಂದ ಫಿಟ್ಸ್, ಉಬ್ಬಸ, ಕಿವಿ ಸೋರುವಿಕೆ ಮೊದಲಾದವುಗಳನ್ನು ವೈದ್ಯರಿಗೆ ಹೇಳಿ ಹಳೆಯ ಚೀಟಿಗಳನ್ನು ತೋರಿಸಿ. ಕೆಲವು ತೊಂದರೆಗಳಿಗೆ ಚಿಕಿತ್ಸೆಯ ನಂತರ ಅನುಮತಿ ಸಿಗುತ್ತದೆ. ಮುಚ್ಚಿಟ್ಟದ್ದು ಮುಂದೆ ಗೊತ್ತಾದರೆ ಪರವಾನಗಿಗೇ ಕುತ್ತು.

ವಿದ್ಯಾರ್ಹತೆ ಮತ್ತು ಕಾಗದಪತ್ರ

ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಇರಬೇಕು ಎಂಬುದು ಬಹುಕಾಲದ ನಿಯಮ. ಕಲಾ, ವಾಣಿಜ್ಯ ವಿಭಾಗದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್ ಮೂಲಕ ಈ ಎರಡು ವಿಷಯಗಳನ್ನು ಬರೆದು ಅರ್ಹರಾದ ಉದಾಹರಣೆಗಳು ಬಹಳ. ಈ ನಿಯಮವನ್ನು ಸಡಿಲಿಸುವ ಪ್ರಸ್ತಾಪ 2025ರಲ್ಲಿ ಚರ್ಚೆಗೆ ಬಂದಿತ್ತು. ಆದ್ದರಿಂದ ಅರ್ಜಿ ಹಾಕುವ ಹೊತ್ತಿನ ನಿಯಮವನ್ನು ಡಿಜಿಸಿಎ ಜಾಲತಾಣದಲ್ಲೇ ನೋಡಿಕೊಳ್ಳಿ. ಕೆಡೆಟ್ ಯೋಜನೆಗಳು ಗಣಿತ, ಭೌತಶಾಸ್ತ್ರ, ಇಂಗ್ಲಿಷ್‌ಗಳಲ್ಲಿ ಕನಿಷ್ಠ ಅಂಕವನ್ನೂ ವಯಸ್ಸಿನ ಮಿತಿಯನ್ನೂ ತಾವೇ ಗೊತ್ತುಪಡಿಸುತ್ತವೆ; ಒಂದು ಸಂಸ್ಥೆಯ ನಿಯಮ ಇನ್ನೊಂದಕ್ಕೆ ಹೊಂದುವುದಿಲ್ಲ.

ನಮ್ಮವರು ಹೆಚ್ಚಾಗಿ ಎಡವುವುದು ಹೆಸರಿನಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು, ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರು. ಮೈಸೂರು ಸೀಮೆಯಲ್ಲಿ ಇನಿಷಿಯಲ್‌ನ ತೊಡಕಾದರೆ, ನಮ್ಮ ಕರಾವಳಿಯ ಕ್ರೈಸ್ತ ಕುಟುಂಬಗಳಲ್ಲಿ ಜ್ಞಾನಸ್ನಾನದ ಹೆಸರು ಒಂದು, ಶಾಲೆಯ ಹೆಸರು ಇನ್ನೊಂದು; ಡಿಸೋಜ ಎಂಬುದನ್ನು ಇಂಗ್ಲಿಷ್‌ನಲ್ಲಿ ಒಂದೊಂದು ಕಡೆ ಒಂದೊಂದು ರೀತಿ ಬರೆದಿರುತ್ತಾರೆ. ಎಲ್ಲ ದಾಖಲೆಗಳನ್ನೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಸರಿಹೊಂದಿಸಿ, ಆಮೇಲೆ ಪಾಸ್‌ಪೋರ್ಟ್ ಮಾಡಿಸಿ. ಡಿಜಿಸಿಎ ಪರೀಕ್ಷೆ ಬರೆಯಲು ಬೇಕಾದ ಕಂಪ್ಯೂಟರ್ ನಂಬರ್ ಪಡೆಯುವಾಗ ಅಂಕಪಟ್ಟಿಗಳ ನೈಜತೆಯ ಪರಿಶೀಲನೆ ನಡೆಯುತ್ತದೆ. ಅದಕ್ಕೆ ಶಾಲಾ ಪರೀಕ್ಷೆ ಮಂಡಳಿಯಿಂದ ಪತ್ರ ಬೇಕಾದರೆ ಸಮಯ ಹಿಡಿಯುತ್ತದೆ. ಮುಂಚಿತವಾಗಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಆಯ್ಕೆಯ ಹಂತಗಳು

ಅರ್ಜಿ ಸ್ವೀಕೃತವಾದ ಮೇಲೆ ಸಾಮಾನ್ಯವಾಗಿ ನಾಲ್ಕು ಹಂತಗಳಿರುತ್ತವೆ. ಸಂಸ್ಥೆಯಿಂದ ಸಂಸ್ಥೆಗೆ ಕ್ರಮ ಬದಲಾಗಬಹುದು.

1. ಕಂಪ್ಯೂಟರ್ ಪರೀಕ್ಷೆ. ಅಡಾಪ್ಟ್, ಕಂಪಾಸ್ ಮುಂತಾದ ಹೆಸರಿನ ಪರೀಕ್ಷೆಗಳು ಜಗತ್ತಿನಾದ್ಯಂತ ಬಳಕೆಯಲ್ಲಿವೆ. ಇವು ನೋಡುವುದು ಇಷ್ಟು: ಬಾಯಿಲೆಕ್ಕದ ವೇಗ, ದಿಕ್ಕಿನ ಅರಿವು, ಕೇಳಿದ್ದನ್ನು ನೆನಪಿಡುವ ಶಕ್ತಿ, ಕಣ್ಣು–ಕೈಗಳ ಹೊಂದಾಣಿಕೆ, ಒಂದೇ ಹೊತ್ತಿಗೆ ಎರಡು ಮೂರು ಕೆಲಸ ಮಾಡುವಾಗ ಮನಸ್ಸು ಕದಡದಿರುವುದು. ಕ್ಯಾಲ್ಕುಲೇಟರ್ ಇಲ್ಲದೆ ಲೆಕ್ಕ ಮಾಡುವುದನ್ನು ರೂಢಿಸಿಕೊಳ್ಳಿ. ಕೆಲವು ಮಾದರಿಗಳು ಇಲ್ಲಿವೆ:

ವಿಮಾನದ ವೇಗ 240 ನಾಟ್. 36 ನಾಟಿಕಲ್ ಮೈಲು ಸಾಗಲು ಎಷ್ಟು ಹೊತ್ತು? ಗಂಟೆಗೆ 240 ಎಂದರೆ ನಿಮಿಷಕ್ಕೆ 4. ಆದ್ದರಿಂದ 9 ನಿಮಿಷ.

ಗಂಟೆಗೆ 2,400 ಕಿಲೋ ಇಂಧನ ಉರಿದರೆ 45 ನಿಮಿಷಕ್ಕೆ ಎಷ್ಟು? ಮುಕ್ಕಾಲು ಗಂಟೆ, 1,800 ಕಿಲೋ.

ವಿಮಾನದ ಮೂತಿ 070 ಡಿಗ್ರಿಯತ್ತ ಇದೆ. ಎಡಕ್ಕೆ 90 ಡಿಗ್ರಿ ತಿರುಗಿದರೆ ಯಾವ ದಿಕ್ಕು? 340.

30,000 ಅಡಿ ಕೆಳಗಿಳಿಯಲು ಎಷ್ಟು ದೂರದಿಂದ ಇಳಿಯತೊಡಗಬೇಕು? ಸಾವಿರ ಅಡಿಗೆ 3 ನಾಟಿಕಲ್ ಮೈಲು ಎಂಬುದು ಪೈಲಟ್‌ಗಳ ಬಾಯಿಲೆಕ್ಕ. 90 ನಾಟಿಕಲ್ ಮೈಲು.

ಬಜ್ಪೆಯ ರನ್‌ವೇಯ ಒಂದು ತುದಿಯ ಸಂಖ್ಯೆ 24. ಇನ್ನೊಂದು ತುದಿ ಯಾವುದು? ಸಂಖ್ಯೆಗೆ ಸೊನ್ನೆ ಸೇರಿಸಿದರೆ ದಿಕ್ಕಿನ ಡಿಗ್ರಿ ಸಿಗುತ್ತದೆ. 240ರ ಎದುರು ದಿಕ್ಕು 060, ಆದ್ದರಿಂದ 06.

ಪರೀಕ್ಷೆ ಮನೆಯಿಂದಲೇ ಬರೆಯುವಂಥದ್ದಾದರೆ ಕ್ಯಾಮರಾ ಮೂಲಕ ಅಭ್ಯರ್ಥಿಯ ಮೇಲೆ ನಿಗಾ ಇರುತ್ತದೆ. ಕರೆಂಟು ಕೈಕೊಡುವ, ನೆಟ್‌ವರ್ಕ್ ಬಂದು ಹೋಗುವ ಹಳ್ಳಿಯಲ್ಲಿ ಕೂತು ಬರೆಯುವ ಸಾಹಸ ಬೇಡ. ನಂಜನಗೂಡಿನಲ್ಲೋ ಮೈಸೂರಿನಲ್ಲೋ ಪರಿಚಯದವರ ಮನೆಯ ಒಂದು ಕೋಣೆ, ಒಳ್ಳೆಯ ಕಂಪ್ಯೂಟರ್, ಬದಲಿ ಇಂಟರ್ನೆಟ್ ಸಂಪರ್ಕ ಇವನ್ನು ಹಿಂದಿನ ದಿನವೇ ಪರೀಕ್ಷಿಸಿ ಇಟ್ಟುಕೊಳ್ಳಿ.

2. ಸ್ವಭಾವ ಪರೀಕ್ಷೆ. ಇದರಲ್ಲಿ ಸರಿ, ತಪ್ಪು ಎಂಬ ಉತ್ತರಗಳಿಲ್ಲ. ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಹತ್ತಾರು ಸಲ ಕೇಳುತ್ತಾರೆ. ಧೀರನಂತೆ ಕಾಣಬೇಕೆಂದು ಹುಸಿ ಉತ್ತರ ಕೊಟ್ಟರೆ ಮುಂದಿನ ಪುಟದಲ್ಲಿ ಸಿಕ್ಕಿಬೀಳುತ್ತೀರಿ. ಇದ್ದದ್ದನ್ನು ಇದ್ದಂತೆ ಹೇಳುವುದೇ ಇಲ್ಲಿ ಸಿದ್ಧತೆ.

3. ಗುಂಪು ಚಟುವಟಿಕೆ. ಆರೆಂಟು ಮಂದಿಯನ್ನು ಕೂರಿಸಿ ಒಂದು ಸಮಸ್ಯೆ ಕೊಡುತ್ತಾರೆ. ಉದಾಹರಣೆಗೆ, ಮರುಭೂಮಿಯಲ್ಲಿ ಸಿಕ್ಕಿಕೊಂಡಿದ್ದೀರಿ, ಈ ಹತ್ತು ವಸ್ತುಗಳಲ್ಲಿ ಯಾವ ಐದನ್ನು ಇಟ್ಟುಕೊಳ್ಳುತ್ತೀರಿ ಎಂದು. ಉತ್ತರ ಮುಖ್ಯವಲ್ಲ. ಯಾರು ಇತರರ ಮಾತು ಕೇಳಿಸಿಕೊಂಡರು, ಯಾರು ಗಡಿಯಾರ ನೋಡಿದರು, ಸುಮ್ಮನೆ ಕೂತವರನ್ನು ಯಾರು ಮಾತಿಗೆಳೆದರು, ತನ್ನ ಅಭಿಪ್ರಾಯ ತಪ್ಪೆಂದು ಗೊತ್ತಾದಾಗ ಯಾರು ಒಪ್ಪಿಕೊಂಡರು ಎಂಬುದನ್ನು ಮೂಲೆಯಲ್ಲಿ ಕೂತವರು ಬರೆದುಕೊಳ್ಳುತ್ತಾರೆ. ದೊಡ್ಡ ದನಿಯಲ್ಲಿ ಮಾತಾಡಿದವರು ಗೆಲ್ಲುತ್ತಾರೆ ಎಂಬುದು ಭ್ರಮೆ.

4. ಸಂದರ್ಶನ. ಪೈಲಟ್ ಯಾಕೆ ಆಗಬೇಕು, ನಮ್ಮ ಸಂಸ್ಥೆಗೇ ಯಾಕೆ ಬಂದಿರಿ, ನೀವು ಸೋತ ಒಂದು ಸಂದರ್ಭ ಹೇಳಿ, ಹಿರಿಯರೊಂದಿಗೆ ಭಿನ್ನಾಭಿಪ್ರಾಯ ಬಂದಾಗ ಏನು ಮಾಡಿದಿರಿ, ಇಂಥ ಪ್ರಶ್ನೆಗಳು ಬರುತ್ತವೆ. ವಿಮಾನ ಹೇಗೆ ಮೇಲೇಳುತ್ತದೆ, ಅದರ ಮೇಲೆ ಕೆಲಸ ಮಾಡುವ ನಾಲ್ಕು ಬಲಗಳು ಯಾವುವು, ಸಂಸ್ಥೆಯಲ್ಲಿ ಯಾವ ವಿಮಾನಗಳಿವೆ ಎಂಬಷ್ಟಾದರೂ ತಿಳಿದಿರಬೇಕು. ಬಾಯಿಪಾಠದ ಉತ್ತರ ಬೇಡ. ತಂದೆಯ ಜತೆ ಬಾಳೆ ತೋಟಕ್ಕೆ ನೀರು ಕಟ್ಟಿದ್ದು, ಪಂಪು ಕೆಟ್ಟಾಗ ರಾತ್ರಿ ಸರಿಮಾಡಿದ್ದು, ಅಣ್ಣನ ಅಂಗಡಿಯ ಲೆಕ್ಕ ನೋಡಿದ್ದು, ಇವೆಲ್ಲ ಹೊಣೆಗಾರಿಕೆಯ ನಿಜವಾದ ಉದಾಹರಣೆಗಳು. ಹಳ್ಳಿಯಿಂದ ಬಂದವರು ಇದನ್ನು ಹೇಳಲು ನಾಚಬೇಕಾಗಿಲ್ಲ.

ಬಜ್ಪೆ ಕಲಿಸಿದ ಪಾಠ

ಗುಂಪು ಚಟುವಟಿಕೆಗೂ ಸ್ವಭಾವ ಪರೀಕ್ಷೆಗೂ ಇಷ್ಟು ಮಹತ್ವ ಯಾಕೆ ಎಂದು ಕೇಳುವವರಿದ್ದಾರೆ. ಕರಾವಳಿಯವರಾದ ನಮಗೆ ಇದರ ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ.

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕಮರಿಗೆ ಬಿತ್ತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. 8 ಮಂದಿ ಬದುಕಿದರು. ನಮ್ಮ ಊರುಗಳು ಆ ದಿನವನ್ನು ಮರೆತಿಲ್ಲ. ವಿಮಾನ ಸರಿಯಾದ ಎತ್ತರ ಮತ್ತು ವೇಗದಲ್ಲಿ ಬರುತ್ತಿರಲಿಲ್ಲ. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಮೂರು ಬಾರಿ ಹೇಳಿದರೂ, ಯಂತ್ರದ ಎಚ್ಚರಿಕೆಗಳು ಬಂದರೂ ಕ್ಯಾಪ್ಟನ್ ಇಳಿಸಲು ಮುಂದಾದರು ಎಂದು ತನಿಖಾ ನ್ಯಾಯಾಲಯದ ವರದಿ ಹೇಳಿತು. ಹಾರಾಟದ ಬಹುಹೊತ್ತು ಕ್ಯಾಪ್ಟನ್ ನಿದ್ದೆಯಲ್ಲಿದ್ದರು ಎಂಬುದೂ ತನಿಖೆಯಲ್ಲಿ ಕಂಡುಬಂತು.

ಆ ವಿಮಾನದಲ್ಲಿ ಅನುಭವಕ್ಕೆ ಕೊರತೆ ಇರಲಿಲ್ಲ. ಕಿರಿಯರು ಹೇಳಿದ್ದನ್ನು ಹಿರಿಯರು ಕೇಳಿಸಿಕೊಳ್ಳಬೇಕಿತ್ತು. ಹಿರಿಯರ ಎದುರು ಮಾತಾಡಬಾರದು ಎಂದು ಕಲಿಸುವ ಮನೆಗಳಿಂದ ಬರುವ ನಮ್ಮ ಮಕ್ಕಳಿಗೆ ಇದು ದೊಡ್ಡ ಪಾಠ. ಕಾಕ್‌ಪಿಟ್‌ನಲ್ಲಿ ವಿನಯ ಬೇಕು, ಆದರೆ ಮೌನ ಸಲ್ಲದು. ಕ್ಯಾಪ್ಟನ್‌ಗೆ ಗೌರವ ಕೊಟ್ಟೇ 'ಇದು ಸರಿಯಿಲ್ಲ, ಮೇಲೇರೋಣ' ಎಂದು ಗಟ್ಟಿಯಾಗಿ ಹೇಳಬಲ್ಲವರನ್ನೂ, ನಾಳೆ ತಾವೇ ಕ್ಯಾಪ್ಟನ್ ಆದಾಗ ಆ ಮಾತಿಗೆ ಕಿವಿಗೊಡಬಲ್ಲವರನ್ನೂ ಸಂಸ್ಥೆಗಳು ಹುಡುಕುತ್ತವೆ. ಪ್ರತಿಭೆಗಿಂತ ಮಿಗಿಲಾದದ್ದು ಈ ಗುಣ. ಇದನ್ನು ಕೋಚಿಂಗ್ ತರಗತಿಯಲ್ಲಿ ಒಂದು ವಾರದಲ್ಲಿ ಕಲಿಯಲಾಗದು. ಮನೆಯಲ್ಲಿ, ಶಾಲೆಯಲ್ಲಿ, ಸಂಘಗಳಲ್ಲಿ ಬೆಳೆಸಿಕೊಳ್ಳಬೇಕು.

ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ಅಡ್ಡಿಯೇ?

ಡಿಜಿಸಿಎ ಪರೀಕ್ಷೆಗಳು ಇಂಗ್ಲಿಷ್‌ನಲ್ಲಿವೆ. ವಾಯು ನಿಯಮಗಳು, ನ್ಯಾವಿಗೇಶನ್, ಹವಾಮಾನ ಶಾಸ್ತ್ರ, ತಾಂತ್ರಿಕ ವಿಷಯಗಳಲ್ಲಿ ತೇರ್ಗಡೆಗೆ ಶೇ 70 ಅಂಕ ಬೇಕು. ರೇಡಿಯೋದಲ್ಲಿ ಮಾತನಾಡುವ ಆರ್‌ಟಿಆರ್ ಪರವಾನಗಿಯೂ ಬೇಕು. ಹಿಂದೆ ದೂರಸಂಪರ್ಕ ಇಲಾಖೆಯ ಕೈಯಲ್ಲಿದ್ದ ಈ ಕೆಲಸ, 2025ರ ಜನವರಿ 1ರಂದು ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮದಡಿ ಡಿಜಿಸಿಎಗೆ ಸೇರಿತು.

ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆ ಪೈಲಟ್‌ಗಳ ಇಂಗ್ಲಿಷನ್ನು 1ರಿಂದ 6ರವರೆಗಿನ ಮಟ್ಟಗಳಲ್ಲಿ ಅಳೆಯುತ್ತದೆ. ಕನಿಷ್ಠ 4ನೇ ಮಟ್ಟ ಸಾಕು. ಇದು ಸ್ಪಷ್ಟತೆಯ ಪರೀಕ್ಷೆ. ವಿದೇಶಿಯರಂತೆ ಉಚ್ಚರಿಸಬೇಕೆಂದೇನೂ ಇಲ್ಲ. ಕೇಳಿದ್ದು ಅರ್ಥವಾಗಬೇಕು, ಹೇಳಿದ್ದು ಇನ್ನೊಬ್ಬರಿಗೆ ತಿಳಿಯಬೇಕು, ಅರ್ಥವಾಗದಿದ್ದರೆ ಮತ್ತೆ ಕೇಳುವ ಧೈರ್ಯ ಇರಬೇಕು. ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಸುದ್ದಿ ಕೇಳಿ, ಅದನ್ನೇ ನಿಮ್ಮ ಮಾತಿನಲ್ಲಿ ಗಟ್ಟಿಯಾಗಿ ಹೇಳಿ, ಫೋನಿನಲ್ಲಿ ಧ್ವನಿಮುದ್ರಿಸಿ ಕೇಳಿಕೊಳ್ಳಿ. ಆರು ತಿಂಗಳಲ್ಲಿ ವ್ಯತ್ಯಾಸ ನಿಮಗೇ ಕಾಣುತ್ತದೆ.

ಆರು ತಿಂಗಳ ಸಿದ್ಧತೆ

ಮೊದಲ ತಿಂಗಳು: ಕಣ್ಣು, ಬಣ್ಣ, ಕಿವಿಯ ಪ್ರಾಥಮಿಕ ಪರೀಕ್ಷೆ, ದಾಖಲೆಗಳಲ್ಲಿ ಹೆಸರು ಸರಿಪಡಿಸುವುದು, ಪಾಸ್‌ಪೋರ್ಟ್ ಅರ್ಜಿ.

ಎರಡನೇ ತಿಂಗಳು: ಕ್ಲಾಸ್ 2 ವೈದ್ಯಕೀಯ, ಅದರ ಹಿಂದೆಯೇ ಕ್ಲಾಸ್ 1ಕ್ಕೆ ದಿನಾಂಕ ಪಡೆಯುವುದು. ಪ್ರತಿದಿನ 30 ನಿಮಿಷ ಬಾಯಿಲೆಕ್ಕ ಆರಂಭ.

ಮೂರನೇ ಮತ್ತು ನಾಲ್ಕನೇ ತಿಂಗಳು: ಪಿಯುಸಿ ಭೌತಶಾಸ್ತ್ರ ಮತ್ತು ಗಣಿತದ ಪುನರಾವರ್ತನೆ. ವೇಗ–ದೂರ–ಕಾಲ, ಶೇಕಡಾವಾರು, ತ್ರಿಕೋನಮಿತಿ, ಚಲನೆಯ ನಿಯಮಗಳು, ಒತ್ತಡ. ಕಂಪ್ಯೂಟರ್‌ಗೆ ಒಂದು ಸಾಧಾರಣ ಜಾಯ್‌ಸ್ಟಿಕ್ ಹಾಕಿ ಅಭ್ಯಾಸ.

ಐದನೇ ತಿಂಗಳು: ವಾರಕ್ಕೆ ಎರಡು ಬಾರಿ ಗುಂಪು ಚರ್ಚೆ, ಅಣಕು ಸಂದರ್ಶನ. ಸಾಧ್ಯವಾದರೆ ಮಂಡಕಳ್ಳಿಯಂಥ ಕಡೆ ಇರುವ ತರಬೇತಿ ಶಾಲೆಗೆ ಅನುಮತಿ ಪಡೆದು ಭೇಟಿ. ಅಲ್ಲಿ ಕಲಿಯುತ್ತಿರುವವರೊಂದಿಗೆ ಒಂದು ಗಂಟೆ ಮಾತಾಡಿದರೆ ಜಾಹೀರಾತು ಹೇಳದ ಸಂಗತಿಗಳು ತಿಳಿಯುತ್ತವೆ.

ಆರನೇ ತಿಂಗಳು: ಅರ್ಜಿ, ಪೂರ್ಣಾವಧಿ ಮಾದರಿ ಪರೀಕ್ಷೆಗಳು, ಸರಿಯಾದ ನಿದ್ದೆ. ಪರೀಕ್ಷೆಯ ಹಿಂದಿನ ರಾತ್ರಿ ಬಸ್ಸಿನಲ್ಲಿ ಕಳೆಯುವುದು ಬೇಡ. ಒಂದು ದಿನ ಮೊದಲೇ ತಲುಪಿ.

ಹಣ, ಸಾಲ ಮತ್ತು ಅಪಾಯ

ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಆಸ್ತಿ ಅಡಮಾನವಿಲ್ಲದೆ ಸಿಗುವುದು 7.5 ಲಕ್ಷ ರೂಪಾಯಿಯವರೆಗೆ. ಅದಕ್ಕಿಂತ ಮೇಲಿನ ಮೊತ್ತಕ್ಕೆ ಮನೆಯೋ ಜಮೀನೋ ಅಡವಿಡಬೇಕಾಗುತ್ತದೆ. ಲೆಕ್ಕ ಹಾಕಿ ನೋಡೋಣ. 50 ಲಕ್ಷ ರೂಪಾಯಿಯನ್ನು ಶೇ 11ರ ಬಡ್ಡಿಗೆ 10 ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 69,000 ರೂಪಾಯಿ. ಒಟ್ಟು ಕಟ್ಟುವುದು 82 ಲಕ್ಷಕ್ಕೂ ಮೇಲೆ. ಮಗನಿಗೆ ಅಥವಾ ಮಗಳಿಗೆ ಒಂದು ವರ್ಷ ಕೆಲಸ ಸಿಗದಿದ್ದರೆ ಈ ಕಂತು ಎಲ್ಲಿಂದ ಬರುತ್ತದೆ ಎಂದು ಮನೆಯವರು ಒಟ್ಟಿಗೆ ಕೂತು ಮಾತಾಡಲೇಬೇಕು. ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ಹಾರಾಟ ನಿಲ್ಲಿಸಿದವು. 2020ರಲ್ಲಿ ಕೊರೋನಾದಿಂದ ಇಡೀ ದೇಶದ ವಿಮಾನಗಳೇ ನೆಲಕ್ಕಿಳಿದವು. ಈ ಉದ್ಯೋಗದಲ್ಲಿ ಏರಿಳಿತ ಸಹಜ.

ಕಡಿಮೆ ಖರ್ಚಿನ ದಾರಿಗಳನ್ನೂ ನೋಡಿ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಇದೆ. ಪ್ರವೇಶ ಪರೀಕ್ಷೆಯ ಮೂಲಕ ಆಯ್ಕೆ. ಬೆಂಗಳೂರಿನ ಜಕ್ಕೂರಿನಲ್ಲಿ ರಾಜ್ಯ ಸರಕಾರದ ವೈಮಾನಿಕ ತರಬೇತಿ ಶಾಲೆ ಇದೆ. 1949ರಲ್ಲಿ ಅಲ್ಲಿ ತರಬೇತಿ ಮುಗಿಸಿದ ಉಷಾ ಸುಂದರಂ 1951ರಲ್ಲಿ ಪತಿಯೊಂದಿಗೆ ಡವ್ ವಿಮಾನವನ್ನು ಲಂಡನ್‌ನಿಂದ ಮುಂಬೈಗೆ 27 ಗಂಟೆಗಳಲ್ಲಿ ತಂದಿದ್ದರು. ಹೆಣ್ಣುಮಕ್ಕಳಿಗೆ ಇದು ಹೇಳಿದ್ದಲ್ಲ ಎನ್ನುವವರಿಗೆ ಈ ಒಂದು ಹೆಸರು ಸಾಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸಮಾಜ ಕಲ್ಯಾಣ ಮತ್ತು ಪರಿಶಿಷ್ಟ ವರ್ಗಗಳ ಇಲಾಖೆಗಳಲ್ಲಿ, ಅಲ್ಪಸಂಖ್ಯಾತರಿಗೆ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯಲ್ಲಿ ಆ ವರ್ಷ ಯಾವ ನೆರವು ಇದೆ ಎಂದು ಜಿಲ್ಲಾ ಕಚೇರಿಯಲ್ಲೇ ಕೇಳಿ ತಿಳಿಯಿರಿ.

ಶಾಲೆ ಆರಿಸುವಾಗ ಅದು ಡಿಜಿಸಿಎ ಮಾನ್ಯತೆ ಪಡೆದ ಪಟ್ಟಿಯಲ್ಲಿದೆಯೇ ನೋಡಿ. 2025ರಿಂದ ಡಿಜಿಸಿಎ ಹಾರಾಟ ಶಾಲೆಗಳ ಶ್ರೇಯಾಂಕವನ್ನೂ ಪ್ರಕಟಿಸತೊಡಗಿದೆ. ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು, ತರಬೇತುದಾರರೆಷ್ಟು, ಹಿಂದಿನ ತಂಡದವರಿಗೆ 200 ಗಂಟೆ ಮುಗಿಸಲು ಎಷ್ಟು ತಿಂಗಳು ಬೇಕಾಯಿತು, ಮಧ್ಯದಲ್ಲಿ ಬಿಟ್ಟರೆ ಎಷ್ಟು ಹಣ ಹಿಂದಿರುಗುತ್ತದೆ, ಈ ನಾಲ್ಕು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯಿರಿ. ಪೂರ್ತಿ ಹಣವನ್ನು ಒಂದೇ ಕಂತಿನಲ್ಲಿ ಕಟ್ಟಬೇಡಿ. ವಿದೇಶದಲ್ಲಿ ಪಡೆದ ಪರವಾನಗಿಯನ್ನು ಇಲ್ಲಿ ಡಿಜಿಸಿಎ ಪರವಾನಗಿಯಾಗಿ ಬದಲಾಯಿಸಿಕೊಳ್ಳಲು ಮತ್ತೆ ಪರೀಕ್ಷೆ, ಸಮಯ, ಹಣ ಬೇಕೆಂಬುದೂ ಗಮನದಲ್ಲಿರಲಿ. 'ಆಯ್ಕೆ ಖಚಿತ' ಎಂದು ಯಾರಾದರೂ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಧರ್ಮಕೇಂದ್ರಗಳಲ್ಲಿ ಏನು ಮಾಡಬಹುದು?

ಇದಕ್ಕೆ ದೊಡ್ಡ ಖರ್ಚು ಬೇಡ. ವರ್ಷಕ್ಕೊಮ್ಮೆ ನಡೆಯುವ ಆರೋಗ್ಯ ಶಿಬಿರದಲ್ಲಿ ಪ್ರೌಢಶಾಲಾ ಮಕ್ಕಳಿಗೆ ಬಣ್ಣ ಗುರುತಿಸುವ ಪರೀಕ್ಷೆಯನ್ನೂ ಸೇರಿಸಬಹುದು. ಪೈಲಟ್ ಆಗದಿದ್ದರೂ ರೈಲ್ವೆ, ಸೇನೆ ಮುಂತಾದ ಕೆಲಸಗಳಿಗೂ ಇದು ಉಪಯುಕ್ತ. ಯುವಜನ ಸಂಘದ ಸಭೆಯಲ್ಲಿ ತಿಂಗಳಿಗೊಮ್ಮೆ ಗುಂಪು ಚಟುವಟಿಕೆ ನಡೆಸಿ, ಇಬ್ಬರು ಹಿರಿಯರು ಮೂಲೆಯಲ್ಲಿ ಕೂತು ಯಾರು ಕೇಳಿಸಿಕೊಂಡರು ಎಂಬುದನ್ನು ಬರೆದು ಆಮೇಲೆ ತಿಳಿಸಬಹುದು. ಊರಿನ ನಿವೃತ್ತ ಗಣಿತ ಶಿಕ್ಷಕರು ವಾರಕ್ಕೆ ಒಂದು ಗಂಟೆ ಬಾಯಿಲೆಕ್ಕ ಹೇಳಿಕೊಡಬಹುದು. ಬ್ಯಾಂಕಿನಲ್ಲಿ ದುಡಿದವರು ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ಅದನ್ನು ಓದಿ ಅರ್ಥ ಹೇಳಿದರೆ ಒಂದು ಮನೆಯನ್ನೇ ಉಳಿಸಿದಂತೆ. ಇವುಗಳ ಪ್ರಯೋಜನ ಯಾವ ಧರ್ಮದ ನೆರೆಮನೆಯ ಮಕ್ಕಳಿಗೂ ಸಿಗುವಂತಿರಲಿ.

ಆಯ್ಕೆಯಾಗದಿದ್ದರೆ?

ಹೆಚ್ಚಿನವರು ಮೊದಲ ಪ್ರಯತ್ನದಲ್ಲಿ ಆಯ್ಕೆಯಾಗುವುದಿಲ್ಲ. ಕೆಲವು ತಿಂಗಳ ಅಂತರದ ನಂತರ ಮತ್ತೆ ಅರ್ಜಿ ಹಾಕಲು ಹಲವು ಸಂಸ್ಥೆಗಳು ಅವಕಾಶ ಕೊಡುತ್ತವೆ. ಯಾವ ಹಂತದಲ್ಲಿ ಸೋತೆವು ಎಂದು ಬರೆದಿಟ್ಟುಕೊಂಡು ಅದನ್ನೇ ಸರಿಪಡಿಸಿ. ಕಾಯುವ ಕಾಲದಲ್ಲಿ ಪದವಿ ಓದು ಬಿಡಬೇಡಿ. ಭೌತಶಾಸ್ತ್ರ, ಗಣಿತದೊಂದಿಗೆ ಬಿಎಸ್ಸಿ ಅಥವಾ ಇಂಜಿನಿಯರಿಂಗ್ ಮಾಡಿದವರು ವಿಮಾನ ನಿಲ್ದಾಣ ಪ್ರಾಧಿಕಾರದ ವಾಯು ಸಂಚಾರ ನಿಯಂತ್ರಣ ಹುದ್ದೆಗೆ ಅರ್ಜಿ ಹಾಕಬಹುದು. ವಿಮಾನ ನಿರ್ವಹಣೆಯ ಇಂಜಿನಿಯರ್ ಆಗಬಹುದು. ಪಿಯುಸಿ ನಂತರ ಎನ್‌ಡಿಎ, ಪದವಿಯ ನಂತರ ಎಎಫ್‌ಕ್ಯಾಟ್ ಬರೆದು ವಾಯುಪಡೆ ಸೇರಿದರೆ ತರಬೇತಿಯ ಖರ್ಚು ಸರಕಾರದ್ದು.

ಹೆಡತಲೆಯಾಗಲಿ ನಮ್ಮ ಬಜ್ಪೆಯಾಗಲಿ, ಮಗುವಿನ ಆಸೆಯನ್ನು ಹಣವಿಲ್ಲ ಎಂದು ಚಿವುಟುವುದೂ ಬೇಡ, ಆಸೆಯ ಹಿಂದೆ ಬಿದ್ದು ಕಣ್ಣುಮುಚ್ಚಿ ಹೊಲ ಅಡವಿಡುವುದೂ ಬೇಡ. ಮೊದಲು ವೈದ್ಯಕೀಯ, ಅದರ ಹಿಂದೆ ದಾಖಲೆ, ಆಮೇಲೆ ಅಭ್ಯಾಸ ಮತ್ತು ಆಯ್ಕೆ, ಕೊನೆಗೆ ಹಣ. ಈ ಕ್ರಮ ತಪ್ಪದಿದ್ದರೆ, ಆಯ್ಕೆಯಾಗದೆ ಹೋದರೂ ಮನೆ ಉಳಿಯುತ್ತದೆ. ಮಕ್ಕಳು ಕಲಿತದ್ದೂ ಅವರ ಜೊತೆಗಿರುತ್ತದೆ. ಪ್ರಯತ್ನಿಸುವ ಎಲ್ಲ ಯುವಕ ಯುವತಿಯರಿಗೆ ನಮ್ಮ ಶುಭ ಹಾರೈಕೆಗಳು.